ಬಾಗಿಲು ಹಾಕಿದೆ, ಬರುವ ತಿಂಗಳು ಬನ್ನಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇಲಿ ಕಟ್ಟಿದವನು ನಾನು. ಕಟ್ಟಿ ಮುಗಿಸಿ ನೋಡಿದರೆ ಬೇಲಿಯ ಆಚೆ ನಿಂತಿದ್ದವನೂ ನಾನೇ. ಅದರ ಸಾಕ್ಷಿ ಇವತ್ತು ಬೆಳಿಗ್ಗೆ ಸಿಕ್ಕಿತು. ಬೈಕಿನ ಆರ್‌ಸಿ ಹುಡುಕುತ್ತ ಪರ್ಸು ಕೊಡವಿದಾಗ ನಾಲ್ಕು ಮಡಿಕೆಯ ಬಿಳಿ ಚೀಟಿಯೊಂದು ಕೆಳಗೆ ಬಿತ್ತು. ಪೆಟ್ರೋಲ್ ಬಂಕಿನ ಬಿಲ್ಲು. ಬಂಕಿನವರು ಕೊಡುವ ಆ ನುಣುಪು ಕಾಗದದ ಅಕ್ಷರಕ್ಕೆ ಆಯಸ್ಸು ಎಷ್ಟು ಅಂತ ನಿಮಗೂ ಗೊತ್ತು. ಒಂದು ಕಾಲದಲ್ಲಿ ಅದರ ಮೇಲೆ ಲೀಟರಿತ್ತು, ರೇಟಿತ್ತು, ತಾರೀಖಿತ್ತು. ಈಗ ಅದು ನನ್ನ ಪಿಯುಸಿ ಗಣಿತದ ಉತ್ತರಪತ್ರಿಕೆಯಷ್ಟೇ ಸ್ವಚ್ಛ.

ನಮ್ಮದು ಪಂಪ್‌ಸೆಟ್ಟು, ಪೈಪು, ಕೇಬಲ್ಲು ಮಾರುವ ಅಂಗಡಿ. ನಮ್ಮದು ಎಂದರೆ ಸಾಹುಕಾರರದು. ನನ್ನದು ಅದರೊಳಗೆ ಕಂಪ್ಯೂಟರ್ ನೋಡಿಕೊಳ್ಳುವವನ ಒಂದು ಕುರ್ಚಿ, ಅದರದ್ದೂ ಒಂದು ಕಾಲು ಗಿಡ್ಡ. ಚನ್ನಗಿರಿಯಲ್ಲಿ ಮುಖ್ಯ ಅಂಗಡಿ. ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಒಂದೊಂದು ಶಾಖೆ. ನಾಲ್ಕೂ ಊರಿನ ಬಿಲ್ಲುಗಳು ಬಂದು ಬೀಳುವುದು ಒಂದೇ ಸಾಫ್ಟ್‌ವೇರಿಗೆ. ಅದಕ್ಕೊಂದು ಬಾಗಿಲಿದೆ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಬರೆಯಬಹುದು ಎಂದು ಮೊದಲೇ ಹೇಳಿಡಬೇಕು. ಅದರ ಆಚೆ ಈಚೆ ಏನು ಬರೆದರೂ ಅದು ಮುಟ್ಟುವುದಿಲ್ಲ. ತಿಂಗಳು ಮುಗಿದು, ಬಾಕಿ ಬಿಲ್ಲುಗಳೆಲ್ಲ ಒಳಗೆ ಬಂದ ಮೇಲೆ ಹಳೇ ತಿಂಗಳ ಬಾಗಿಲು ಹಾಕಬೇಕು. ಹಾಕದಿದ್ದರೆ ಆಡಿಟರಿಗೆ ಒಪ್ಪಿಸಿದ ಲೆಕ್ಕವೇ ಬೇರೆ, ಒಳಗೆ ಕೂತಿರುವ ಲೆಕ್ಕವೇ ಬೇರೆ ಆಗುತ್ತದೆ.

ಈ ಬಾಗಿಲ ಕೀಲಿ ನಾನು ಚಡ್ಡಿ ಹಾಕಲು ಕಲಿಯುವುದಕ್ಕೂ ಮುಂಚಿನಿಂದ ಗಿರಿಜಕ್ಕನ ಕೈಯಲ್ಲಿತ್ತು. ಗಿರಿಜಕ್ಕ ನಮ್ಮ ಅಕೌಂಟೆಂಟು. ಮೇಜಿನ ಎಡಗಡೆ ಡ್ರಾಯರಿನಲ್ಲಿ ರಸೀದಿ ಪುಸ್ತಕ, ಬಲಗಡೆ ಡ್ರಾಯರಿನಲ್ಲಿ ಒಗ್ಗರಣೆ ಮಂಡಕ್ಕಿ. ಎಡಗಡೆಯದನ್ನು ನಾವು ಮುಟ್ಟುವಂತಿರಲಿಲ್ಲ, ಬಲಗಡೆಯದನ್ನು ಮುಟ್ಟದಿದ್ದರೆ ಅವರಿಗೆ ಬೇಜಾರು. ಅವರ ಮೇಜಿನ ಮುಂದೆ ಬಂದರೆ ಮನುಷ್ಯರು ಹೆಸರು ಕಳೆದುಕೊಂಡು ಊರಾಗುತ್ತಿದ್ದರು. "ಜಗಳೂರು ಲೈನಲ್ಲಿ ಐತೆ." "ಹೊನ್ನಾಳಿಗೆ ಜ್ವರ ಅಂತೆ." "ನ್ಯಾಮತಿ ಮದ್ವೆಗೆ ಹೋಗೈತೆ, ನಾಳೆ ಬರ್ತೈತೆ." ಹೊಸದಾಗಿ ಬಂದ ನಾನು, ಒಂದಿಡೀ ಊರು ಮದುವೆಗೆ ಹೋಗುವುದನ್ನು ಕಲ್ಪಿಸಿಕೊಂಡು ಒಬ್ಬನೇ ನಗುತ್ತಿದ್ದೆ.

ಪ್ರತಿ ತಿಂಗಳ ಒಂದು, ಎರಡನೇ ತಾರೀಖು ಈ ಮೂರು ಊರುಗಳು ಸಾಲಾಗಿ ಫೋನು ಮಾಡುತ್ತಿದ್ದವು. ಬೇಡಿಕೆ ಒಂದೇ: ಹಳೇ ತಿಂಗಳ ಬಾಗಿಲು ಸ್ವಲ್ಪ ತೆಗೀರಿ. ಹೊನ್ನಾಳಿ ಪೀಠಿಕೆ ದೊಡ್ಡದು. ಮಳೆ, ಹೊಳೆ, ಭತ್ತದ ರೇಟು, ಅಕ್ಕನ ಮೊಣಕಾಲು ನೋವು ಎಲ್ಲ ವಿಚಾರಿಸಿ, ಫೋನಿಡುವಾಗ ಮರೆತು ನೆನಪಾದಂತೆ, "ಹಂಗೇ ಅಕ್ಕ, ಮೂರು ಬಿಲ್ಲು ಉಳ್ಕಂಡಾವೆ" ಅನ್ನುವುದು. ನ್ಯಾಮತಿ ಮೊದಲು ಕೆಮ್ಮುವುದು. ಕೆಮ್ಮಿನ ಉದ್ದ ನೋಡಿಯೇ ಅಕ್ಕ ಎಷ್ಟು ಬಿಲ್ಲೆಂದು ಹೇಳುತ್ತಿದ್ದರು. ಜಗಳೂರು ಮಾತ್ರ ತತ್ವಜ್ಞಾನಿ.

ಅಲ್ಲಿನ ವ್ಯಾಪಾರವೇ ಹಾಗೆ, ನೋಡಿ. ಕೊಳವೆಬಾವಿಯ ಆಳ ಕೇಳಿದರೆ ತಲೆ ತಿರುಗುತ್ತದೆ. ರೈತ ಮೋಟರು ಒಯ್ಯುತ್ತಾನೆ, "ನೀರು ಬಿದ್ ಮೇಲೆ ಬಿಲ್ಲು ಹಾಕಪ್ಪ" ಅನ್ನುತ್ತಾನೆ. ನಮ್ಮ ಜಗಳೂರಿನವನೂ ಹೂಂ ಅನ್ನುತ್ತಾನೆ. ಆಮೇಲೆ ಅಕ್ಕನಿಗೆ ಫೋನು:

"ಅಕ್ಕಾ, ಮೋಟ್ರು ಇಳ್ದಿದ್ದು ಮೂವತ್ತಕ್ಕೆ. ನೀರು ಬಂದಿದ್ದು ಒಂದಕ್ಕೆ. ನಾನು ಯಾವ ತಾರೀಖು ಬರೀಲಿ, ನೀವೇ ಹೇಳ್ರಿ."

"ಮೋಟ್ರು ಅಂಗಡಿ ಬಿಟ್ಟ ತಾರೀಖೇ ತಾರೀಖು. ನೀರು ಗಂಗಮ್ಮಂದು, ಬಿಲ್ಲು ನಮ್ದು" ಎಂದು ಗದರಿ, ಕನ್ನಡಕ ಏರಿಸಿ, ಎರಡು ತಾರೀಖು ಹಿಂದೆ ಸರಿಸಿ, ಸೂಳೆಕೆರೆಯ ತೂಬು ಎತ್ತಿದಷ್ಟು ಎಚ್ಚರದಿಂದ ಅಕ್ಕ ಬಾಗಿಲು ತೆಗೆಯುತ್ತಿದ್ದರು. ಅವನು ಬರೆದು ಮುಗಿಸುವ ತನಕ ಕಾದು ಮತ್ತೆ ಹಾಕುತ್ತಿದ್ದರು. ಇದರಿಂದಾಗಿ ಆ ಎರಡು ದಿನ ಅವರಿಗೆ ರಜೆ ಎಂಬುದೇ ಇರಲಿಲ್ಲ. ಸ್ವಂತ ಮಗಳ ನಿಶ್ಚಿತಾರ್ಥದ ದಿನ ಕೂಡ, ಬೀಗರಿಗೆ ಪಾಯಸ ಬಡಿಸಿ, ರೇಷ್ಮೆ ಸೀರೆಯಲ್ಲೇ ಅಂಗಡಿಗೆ ಓಡಿಬಂದು ಬಾಗಿಲು ಹಾಕಿ ಹೋಗಿದ್ದರಂತೆ.

ಇನ್ನು ನನ್ನ ವಿಷಯ. ನನ್ನ ಗಂಟಲು ಬಾಡಿಗೆ ಮನೆ, ಯಾರು ಬೇಕಾದರೂ ಬಂದು ಇರಬಹುದು. ಹೊನ್ನಾಳಿಯ ರಾಗ, ನ್ಯಾಮತಿಯ ಕೆಮ್ಮು, ಜಗಳೂರಿನ ವೇದಾಂತ, ಸಾಹುಕಾರರು ಮಾತಿನ ನಡುವೆ ಎಲೆ ಅಡಿಕೆ ಪಕ್ಕಕ್ಕೆ ಸರಿಸುವ ಸದ್ದು, ಎಲ್ಲವೂ ನನ್ನಲ್ಲಿ ಬಾಡಿಗೆಗಿದ್ದವು. ಚಹಾದ ಹೊತ್ತಿಗೆ ಒಂದು ಪ್ರದರ್ಶನ ಇದ್ದೇ ಇರುತ್ತಿತ್ತು. ಚೆನ್ನಾಗಿ ಬಂದ ಕಲೆಯನ್ನು ಗೋಡೌನಿನ ಪೈಪುಗಳಿಗಷ್ಟೇ ಕೇಳಿಸುವುದು ಯಾವ ನ್ಯಾಯ, ನೀವೇ ಹೇಳಿ. ಒಂದು ತಿಂಗಳ ಮೂರನೇ ತಾರೀಖು, ಬಾಗಿಲು ಹಾಕಿಯಾದ ಮೇಲೆ, ಗೋಡೌನಿನಲ್ಲಿ ನಿಂತು ಅಂಗಡಿಯ ಲ್ಯಾಂಡ್‌ಲೈನಿಗೆ ಫೋನು ಮಾಡಿದೆ. ಆ ಹಳೇ ಫೋನಿಗೆ ನಂಬರು ತೋರಿಸುವ ಅಭ್ಯಾಸವಿರಲಿಲ್ಲ.

"ಅಕ್ಕಾ, ಈ ಭೂಮಿ ಮ್ಯಾಲೆ ಯಾವ್ದು ಶಾಶ್ವತ ಐತೆ ಹೇಳ್ರಿ? ಒಂದೇ ಒಂದು ಬಿಲ್ಲು ಐತೆ."

"ಬಂತು ನೋಡು ಜಗಳೂರು" ಎಂದು ಅಕ್ಕ ಗೊಣಗುತ್ತಲೇ ಬಾಗಿಲು ತೆಗೆದರು. ನಾನು ಈಚೆ ಬಂದು ನಗಿಸಿ, ಕ್ಷಮೆ ಕೇಳಿ, ಮಂಡಕ್ಕಿ ತಿನ್ನುವುದೆಂದು ಲೆಕ್ಕ. ಅಷ್ಟರಲ್ಲಿ ಸಾಹುಕಾರರು, "ಲೇ, ನಲ್ಲೂರಿಗೆ ಎರಡು ಗೇಟ್‌ವಾಲ್ವ್ ಕೊಟ್ಟು ಬಾ ಹೋಗು" ಎಂದು ಓಡಿಸಿದರು. ಹೋದೆ. ನಲ್ಲೂರಿನಲ್ಲಿ ಮೆಣಸಿನಕಾಯಿ ಬೋಂಡ ತಿಂದೆ. ಲೋಕವನ್ನೇ ಮರೆತೆ.

ಇಲ್ಲಿ ಅಕ್ಕ ಬರದ ಬಿಲ್ಲಿಗೆ ಕಾಯುತ್ತ ಬಾಗಿಲು ತೆರೆದೇ ಇಟ್ಟಿದ್ದರು. ಮಾರನೇ ದಿನ ನಿಜವಾದ ಜಗಳೂರು ಹೊಸ ತಿಂಗಳ ಮೋಟರಿಗೆ ಅಭ್ಯಾಸಬಲದಿಂದ ಹಳೇ ತಿಂಗಳನ್ನೇ ಬರೆಯಿತು. ಸಾಫ್ಟ್‌ವೇರು ಬಾಯ್ತೆರೆದು ನುಂಗಿತು. ಆಡಿಟರ ಫೋನು ಬಂತು. ಸಾಹುಕಾರರು ಎಲ್ಲರೆದುರು ಕೇಳಿದರು: "ಗಿರಿಜಮ್ಮ, ಬಾಗ್ಲು ಹಾಕಾದು ಮರ್ತ್ರಾ?"

"ಜಗಳೂರು ಕೇಳ್ತು ಅಂತ ತೆಗ್ದೆ ಸಾರ್."

ಸ್ಪೀಕರಿನಲ್ಲಿ ಜಗಳೂರು ಗೋಳಾಡಿತು: "ನಿಮ್ಮಾಣೆ ಅಕ್ಕಾ, ನಾನು ಕೇಳೇ ಇಲ್ಲ!"

ಅಕ್ಕ ಫೋನನ್ನು ನೋಡಿದರು. ಆಮೇಲೆ ನಿಧಾನಕ್ಕೆ ನನ್ನ ಕಡೆ ನೋಡಿದರು. ನಾನು ಒಪ್ಪಿಕೊಂಡೆ. ಬಯ್ಯಲಿಲ್ಲ ಅವರು. "ನಿನ್ ಗಂಟ್ಲಿಗೊಂದು ಬಾಗ್ಲು ಇಡ್ಸಬೇಕು ಕಣೋ" ಎಂದರು ಅಷ್ಟೇ. ಬಯ್ದಿದ್ದರೆ ಚೆನ್ನಾಗಿತ್ತು. ಯಾಕೆಂದರೆ ಆವತ್ತೇ ಸಂಜೆ ಅವರು ರಜೆ ಕೇಳುವವರಿದ್ದರು.

ಮಗಳಿಗೆ ಏಳು ತಿಂಗಳು ತುಂಬುತ್ತಿತ್ತು. ಸವಳಂಗದಲ್ಲಿ, ಅತ್ತೆಯ ಮನೆಯಲ್ಲಿ ಕುಬುಸ, ಅಂದರೆ ಸೀಮಂತ. ನಮ್ಮ ಕಡೆ ಕುಬುಸದ ದಿನ ಹೆತ್ತ ತಾಯಿ ಬುತ್ತಿ ಕಟ್ಟಿಕೊಂಡು ಹೋಗಬೇಕು. ಉಂಡೆ, ಹೋಳಿಗೆ, ಕರಿಗಡುಬು, ಬಗೆಬಗೆಯ ಅನ್ನ, ಹಸಿರು ಕುಬುಸ, ಹಸಿರು ಬಳೆ. ಬೀಗರು ಇಟ್ಟ ದಿನ ಬರುವ ತಿಂಗಳ ಎರಡನೇ ತಾರೀಖು. ಸಾಹುಕಾರರು ಕೆಟ್ಟವರಲ್ಲ, ಆದರೆ ಆಡಿಟರ ಬಿಸಿ ಇನ್ನೂ ಆರಿರಲಿಲ್ಲ. "ನೀವಿದ್ದೇ ಹಿಂಗಾತು ಗಿರಿಜಮ್ಮ. ನೀವಿಲ್ದೆ ತಿಂಗ್ಳು ಮುಚ್ಚಾರು ಯಾರು?" ಎಂದರು.

ಅಕ್ಕ ಮೇಜಿಗೆ ಬಂದು ಕೂತರು. ಬಲಗಡೆ ಡ್ರಾಯರು ಎಳೆದರು, ಮಂಡಕ್ಕಿ ಮುಟ್ಟದೆ ಮುಚ್ಚಿದರು. "ತಾಯಿನೇ ಬುತ್ತಿ ಹೊತ್ಕಂಡು ಹೋಗ್ದಿದ್ರೆ ಬೀಗ್ರ ಮುಂದೆ ನನ್ ಮಗ್ಳು ಮುಖ ಎಲ್ಲಿಡ್ತಾಳೋ" ಎಂದರು. ಯಾರಿಗೂ ಹೇಳಿದ್ದಲ್ಲ. ಆದರೆ ಕೇಳಿಸಿದ್ದು ನನಗೆ.

ಎದ್ದು ಹೋಗಿ ಸಾಹುಕಾರರಿಗೆ, "ಮುಚ್ಚಾಕೆ ಮನುಷ್ಯರೇ ಬೇಕಿಲ್ಲ ಸಾರ್, ಅದೇ ಮುಚ್ಕಣಂಗೆ ಮಾಡ್ತೀನಿ" ಎಂದೆ. ಅವರು "ನೀನಾ?" ಎಂದರು. ಆ ಒಂದು 'ನೀನಾ'ವನ್ನು ಅನುಕರಿಸಲು ನನಗೆ ಈಗಲೂ ಆಗಿಲ್ಲ.

ಯೋಜನೆ ಸರಳ. ಎರಡನೇ ತಾರೀಖು ಮಧ್ಯಾಹ್ನ ಹನ್ನೆರಡರವರೆಗೆ ಹಳೇ ತಿಂಗಳಿಗೂ ಬರೆಯಬಹುದು. ಹನ್ನೆರಡು ಹೊಡೆದರೆ ಬಾಗಿಲು ತಾನಾಗಿಯೇ ಒಂದು ತಿಂಗಳು ಮುಂದಕ್ಕೆ ಸರಿಯಬೇಕು. ಅಕ್ಕ ಒಂದೇ ಷರತ್ತು ಹಾಕಿದರು: "ಕೀಲಿ ನಿನ್ ಕೈಲೂ ಇರಬಾರ್ದು." ತೀರಾ ತುರ್ತಿಗೆ ಬಾಗಿಲು ತೆಗೆಯುವ ಒಂದು ಗುಟ್ಟಿನ ಅಂಕಿ ಅವರ ಮೊಬೈಲಿನಲ್ಲಿ ಮಾತ್ರ, ಅದನ್ನೂ ಸಾಹುಕಾರರು ಬಾಯಿಬಿಟ್ಟು ಹೇಳಿದರೆ ಮಾತ್ರ ಬಳಸುವುದು.

ಮೊದಲ ಪ್ರಯೋಗದಲ್ಲಿ ಬಾಗಿಲನ್ನು ಉಲ್ಟಾ ಕೂರಿಸಿದ್ದೆ. ಹಳೇ ತಿಂಗಳು ಪೂರ್ತಿ ತೆರೆದು, ಇವತ್ತಿನ ದಿನವೇ ಮುಚ್ಚಿಹೋಯಿತು. ಒಂದು ಗಂಟೆ ಕಾಲ ನಾಲ್ಕೂ ಊರು ಹೋದ ತಿಂಗಳಲ್ಲೇ ಬದುಕಿದವು. ಕ್ಷಮೆ ಕೇಳಲು ಫೋನು ಮಾಡಿದರೆ ಜಗಳೂರು ಶಾಂತವಾಗಿ, "ಇರ್ಲಿ ಬಿಡಪ್ಪ, ನಮ್ಮೂರು ಹೋದ ತಿಂಗ್ಳಲ್ಲೇ ಐತೆ ಅಂತ ನಂಗೂ ಸುಮಾರು ದಿನದಿಂದ ಅನ್ಸ್ತಿತ್ತು" ಎಂದಿತು.

ಸರಿಪಡಿಸಿದೆ. ತಡವಾಗಿ ಬಂದವರಿಗೆ ಪರದೆಯ ಮೇಲೆ ಒಂದು ಕೆಂಪು ಪಟ್ಟಿ ಬರುವಂತೆಯೂ ಮಾಡಿ, ಅದರ ಒಕ್ಕಣೆಯನ್ನು ನಾನೇ ಬರೆದೆ: "ಬಾಗಿಲು ಹಾಕಿದೆ, ಬರುವ ತಿಂಗಳು ಬನ್ನಿ." ಆಮೇಲೆ ಬೈಕು ಹತ್ತಿ, ಬಿಲ್ಲಿನ ತಾರೀಖೇ ತಾರೀಖು ಎಂದು ಮೂರೂ ಊರಿಗೆ ತಿಳಿಹೇಳಲು ಹೊರಟೆ. ಹೊನ್ನಾಳಿ ಚಹಾ ಕುಡಿಸಿ ಬೇಡಿತು, ನ್ಯಾಮತಿ ಕೆಮ್ಮಿ ಬೇಡಿತು, ಜಗಳೂರು ಕಾಲದ ಸ್ವರೂಪದ ಬಗ್ಗೆ ಪ್ರಶ್ನೆ ಎತ್ತಿತು. ಮೂವರಿಗೂ ನಾನು, ತಾಲ್ಲೂಕಾಫೀಸಿನವನ ಠೀವಿಯಲ್ಲಿ, ಕೊನೆಗೊಂದು ಸಣ್ಣ ಹೆಹ್ಹೆ ಸೇರಿಸಿ ಹೇಳಿದ್ದು ಒಂದೇ ಮಾತು: "ನನ್ ಕೈಲೇನಿಲ್ರೀ, ಎಲ್ಲ ಮಿಷನ್ ಕೈಲೈತೆ, ಹೆಹ್ಹೆ." ಜಗಳೂರಿನಿಂದ ವಾಪಸು ಬರುವಾಗ ಪೆಟ್ರೋಲು ಹಾಕಿಸಿ ಬಿಲ್ಲನ್ನು ಜೇಬಿಗಿಟ್ಟುಕೊಂಡೆ. ಆವತ್ತು ತಿಂಗಳ ಇಪ್ಪತ್ತೊಂಬತ್ತು.

ಎರಡನೇ ತಾರೀಖು ಬಂತು. ಅಕ್ಕ ಹಿಂದಿನ ದಿನವೇ ಬುತ್ತಿ ಕಟ್ಟಿಕೊಂಡು ಸವಳಂಗದ ಬಸ್ಸು ಹತ್ತಿದ್ದರು. ಸಾಹುಕಾರರು ದಾವಣಗೆರೆಗೆ ಹೋಗುತ್ತೇನೆಂದು ಹೊರಟಿದ್ದರು. ಅಂಗಡಿಯಲ್ಲಿ ನಾನು ಗಡಿಯಾರ ನೋಡುತ್ತ ಕೂತಿದ್ದೆ. ಹನ್ನೊಂದಕ್ಕೆ ಹೊನ್ನಾಳಿಯ ಬಿಲ್ಲುಗಳು ಪೂರ್ತಿ ಬಂದವು. ಹನ್ನೊಂದೂವರೆಗೆ ನ್ಯಾಮತಿ, ಕೆಮ್ಮಿಲ್ಲದೆ. ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಜಗಳೂರಿನ ಕಡೆಯ ಮೋಟರು ಒಳಗೆ ಬಿತ್ತು. ಹನ್ನೆರಡು. ಬಾಗಿಲು ಸದ್ದಿಲ್ಲದೆ ಸರಿಯಿತು. ಗಿರಿಜಕ್ಕನಿಗೆ ಒಂದೇ ಒಂದು ಫೋನು ಹೋಗಿರಲಿಲ್ಲ. ಖುಷಿಗೆ ಗೋಡೌನಿನ ಪೈಪುಗಳ ನಡುವೆ ಕುಣಿದೆ. ಕುಣಿಯುವಾಗ ಜೇಬಿನಲ್ಲಿ ಏನೋ ಸರಗುಟ್ಟಿತು.

ತೆಗೆದು ನೋಡಿದರೆ ಇಪ್ಪತ್ತೊಂಬತ್ತರ ಪೆಟ್ರೋಲ್ ಬಿಲ್ಲು, ಅಂಗಡಿ ಖರ್ಚಿಗೆ ಸೇರಬೇಕಾದದ್ದು. ಟೈಪು ಮಾಡಿದೆ. ಕೆಂಪು ಪಟ್ಟಿ. "ಬಾಗಿಲು ಹಾಕಿದೆ, ಬರುವ ತಿಂಗಳು ಬನ್ನಿ." ಇಷ್ಟು ಉದ್ಧಟ ಮಾತನ್ನು ಯಾವ ಮೂರ್ಖ ಬರೆದನೋ ಅಂತ ಸಿಟ್ಟು ಬಂತು. ಇವತ್ತಿನ ತಾರೀಖು ಹಾಕೋಣವೆಂದರೆ, ಬಿಲ್ಲಿನ ತಾರೀಖೇ ತಾರೀಖು ಎಂದು ಮೂರು ಊರಿನಲ್ಲಿ ಪ್ರವಚನ ಮಾಡಿ ಬಂದವನು ನಾನೇ.

ಇಲ್ಲಿ ನೀವು ನನ್ನ ಕೈ ಹಿಡಿಯಬೇಕಿತ್ತು, ನೀವಿರಲಿಲ್ಲ. ಲ್ಯಾಂಡ್‌ಲೈನಿನಿಂದ ಅಕ್ಕನ ಮೊಬೈಲಿಗೆ ಹಚ್ಚಿದೆ. ಎಲೆ ಅಡಿಕೆ ಸರಿಸುವ ಸದ್ದು ಮಾಡಿ, ಸಾಹುಕಾರರ ಗಂಟಲಿನಲ್ಲಿ, "ಗಿರಿಜಮ್ಮ, ಕಾರ್ಯ ಚೆನ್ನಾಗಾತಾ? ಆ ಹುಡುಗಂದೊಂದು ಪೆಟ್ರೋಲ್ ಬಿಲ್ ಉಳ್ದೈತಂತೆ. ಒಂದೈದು ನಿಮಿಷ ಬಾಗ್ಲು ತಗೀರಿ" ಎಂದೆ.

ಆಚೆ ಕಡೆ ಪಂಕ್ತಿಯ ಗದ್ದಲ, ಬಳೆ ಸದ್ದು, ಯಾರೋ ತುಪ್ಪ ತುಪ್ಪ ಎಂದು ಕೂಗುತ್ತಿದ್ದರು. ಅಕ್ಕ ಬಹಳ ವಿನಯದಿಂದ ಹೇಳಿದರು: "ಆಗ್ಲಿ ಸಾರ್. ಈಗ ಇಲ್ಲಿ ನಿಮ್ಗೇ ಹೋಳಿಗೆ ಬಡಿಸ್ತಾ ಇದ್ದೆ. ತಡೀರಿ, ನಿಮ್ ಕೈಗೇ ಫೋನು ಕೊಡ್ತೀನಿ, ನೀವು ನೀವೇ ಮಾತಾಡ್ಕಳಿ."

ದಾವಣಗೆರೆಗೆ ಹೊರಟವರು ಸವಳಂಗಕ್ಕೆ ತಿರುಗಿದ್ದರು. ಫೋನಿನಲ್ಲಿ ಹೋಳಿಗೆ ಜಗಿಯುವ ಸದ್ದು, ಆಮೇಲೆ ಒಂದು ಧ್ವನಿ. ಅದು ಸಾಹುಕಾರರದಾಗಿರಲಿಲ್ಲ. ನನ್ನದಾಗಿತ್ತು. ಅದೇ ಠೀವಿ, ಕೊನೆಯ ಆ ಹಾಳು ನಗೆ ಸಮೇತ:

"ನನ್ ಕೈಲೇನಿಲ್ರೀ, ಎಲ್ಲ ಮಿಷನ್ ಕೈಲೈತೆ, ಹೆಹ್ಹೆ."

ಇಡೀ ಪಂಕ್ತಿ ನಕ್ಕಿತು. ಬಸುರಿ ಮಗಳ ನಗು ಎಲ್ಲಕ್ಕಿಂತ ಗಟ್ಟಿಯಾಗಿತ್ತು. ನನ್ನ ಆ ಮಾತನ್ನು ಮೂರು ಊರೂ ಫೋನಿನಲ್ಲಿ ಸಾಹುಕಾರರಿಗೆ ಒಪ್ಪಿಸಿದ್ದವಂತೆ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ನನ್ನ ಪ್ರದರ್ಶನ ನೋಡಿದ ಮನುಷ್ಯ ಒಳಗೊಳಗೇ ಇಂಥ ಕಲಾವಿದನೆಂದು ಯಾರೂ ಹೇಳಿರಲಿಲ್ಲ. ಊರವರ ದನಿಯೆಲ್ಲ ಬಾಯಲ್ಲಿಟ್ಟುಕೊಂಡ ನಾನು ನನ್ನದನ್ನು ಕೇಳಿದ್ದು ಅದೇ ಮೊದಲು. ಪರವಾಗಿಲ್ಲ, ಆದರೆ ದಿನವೂ ಕೇಳುವಂಥದ್ದಲ್ಲ. ಮರುದಿನ ಅಕ್ಕ ನನಗೆಂದೇ ಒಂದು ಡಬ್ಬಿ ಕರಿಗಡುಬು ತಂದರು. ತಿಂದಷ್ಟೂ ಪೆಟ್ರೋಲು ಮರೆತುಹೋಯಿತು.

ಆಮೇಲಿನಿಂದ ಒಂದನೇ ತಾರೀಖಿನ ಫೋನುಗಳು ನಿಂತವು. ನಿಜ ಹೇಳಬೇಕೆಂದರೆ ನನ್ನ ಕಲೆಗೆ ಬರಗಾಲ. ಕೆಮ್ಮಿಲ್ಲ, ಹೊಳೆಯ ಸುದ್ದಿಯಿಲ್ಲ. ಜಗಳೂರು ಮಾತ್ರ ಆಗಾಗ ಸುಮ್ಮನೆ ಫೋನು ಮಾಡಿ, "ಬಾಗ್ಲು ಹೆಂಗೈತಪ್ಪ?" ಎಂದು ಕೇಳಿ ಇಡುತ್ತದೆ.

ಇವತ್ತೂ ಒಂದನೇ ತಾರೀಖು. ಅಕ್ಕ ಮೊಮ್ಮಗಳನ್ನು ಅಂಗಡಿಗೆ ಕರೆತಂದಿದ್ದಾರೆ. ಅದು ಕ್ಯಾಲ್ಕುಲೇಟರನ್ನು ಬಾಯಿಗಿಟ್ಟುಕೊಂಡು ಹಳೇ ಲ್ಯಾಂಡ್‌ಲೈನಿನ ವೈರು ಎಳೆಯುತ್ತಿತ್ತು; ಯಾರೂ ಬೇಡ ಅನ್ನಲಿಲ್ಲ, ಆ ಫೋನು ಈಗ ರಿಂಗಾಗುವುದೇ ಅಪರೂಪ. ಅಕ್ಕ ಅವಸರವಿಲ್ಲದೆ ಮಂಡಕ್ಕಿ ತಿನ್ನುತ್ತಿದ್ದರು. ನಾನು ಹೋಗಿ ಆ ಚೀಟಿಯನ್ನು ಅವರ ಮುಂದೆ ಬಿಡಿಸಿಟ್ಟೆ. ಈ ಸಲ ಯಾರ ಗಂಟಲನ್ನೂ ಎರವಲು ತರಲಿಲ್ಲ, ನನ್ನದರಲ್ಲೇ ಕೇಳಿದೆ: "ಅಕ್ಕಾ, ಈಗ್ಲಾದ್ರೂ ಇದ್ನ ಒಳಗೆ ತಗಳ್ರಿ."

ಅಕ್ಕ ಕೈ ಒರೆಸಿಕೊಂಡು ಕನ್ನಡಕ ಏರಿಸಿದರು. ಚೀಟಿಯನ್ನು ಬೆಳಕಿಗೆ ಹಿಡಿದರು, ತಿರುಗಿಸಿ ಹಿಂದೆ ನೋಡಿದರು, ಮತ್ತೆ ಮುಂದೆ ನೋಡಿದರು.

"ಇದ್ರಲ್ಲಿ ತಾರೀಖೇ ಇಲ್ವಲ್ಲೋ. ಯಾವ ತಿಂಗ್ಳ ಬಾಗ್ಲು ತಗೀಲಿ?"