ತೋಳಿಗೆ ಕಟ್ಟಿದ ನೀಲ

ನೀಲ ಎಲ್ಲರಿಗೂ ಒಗ್ಗುವ ಹರಳಲ್ಲ. ನಮ್ಮ ಕಡೆ ಅದನ್ನು ತಂದ ಕೂಡಲೇ ಉಂಗುರಕ್ಕೆ ಕಟ್ಟಿಸುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಮೂರು ದಿನ ತೋಳಿಗೆ ಕಟ್ಟಿಕೊಂಡು ನೋಡುತ್ತಾರೆ. ಕೆಟ್ಟದ್ದೇನಾದರೂ ನಡೆದರೆ ವಾಪಸ್ಸು.

ನನ್ನ ಭಾವ ಕನಕಪುರದ ಹತ್ತಿರ ಕಲ್ಲು ಕ್ವಾರಿಯೊಂದರಲ್ಲಿ ಮೇಸ್ತ್ರಿ. ಕಳೆದ ವರ್ಷ ಅವರ ಜೊತೆಗಾರನ ಕಾಲಿನ ಮೇಲೆ ಬಂಡೆ ಉರುಳಿತು. ಹೆದರಿದ ಅಕ್ಕ ಜ್ಯೋತಿಷಿಯೊಬ್ಬರಿಂದ ಕಡಲೆಕಾಳಿನಷ್ಟು ದೊಡ್ಡ ನೀಲವನ್ನು ತಂದಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ನನಗೆ ನಗು ಬಂತು. ಚನ್ನಪಟ್ಟಣದ ಫ್ಯಾನ್ಸಿ ಸ್ಟೋರಿನಲ್ಲಿ ರವಿಕೆಯ ತೋಳಿಗೆ ಅಂಟಿಸುವ ಹರಳುಗಳ ಡಬ್ಬಿಯಿಂದ ಅಂಥದೇ ನೀಲಿ ಗಾಜೊಂದನ್ನು ಆರಿಸಿ ತಂದೆ. ಕಟ್ಟುವ ದಿನ ಅಕ್ಕನ ಕೈ ಹಿಟ್ಟಾಗಿತ್ತು; ಆ ಕೆಲಸ ನನಗೇ ಬಿತ್ತು. ಗಾಜನ್ನು ಕಟ್ಟಿ, ಅಸಲಿಯನ್ನು ಜೇಬಿಗಿಳಿಸಿದೆ. ಮೂರು ದಿನ ಏನೂ ಆಗುವುದಿಲ್ಲ, ನಾಲ್ಕನೇ ದಿನ ಊಟಕ್ಕೆ ಕೂತಾಗ ಹೇಳಿದರಾಯಿತು ಅಂದುಕೊಂಡಿದ್ದೆ.

ಮೂರನೇ ದಿನ ಕ್ರೇನಿನ ಸರಪಳಿ ತುಂಡಾಯಿತು. ನೀರು ಕುಡಿಯಲೆಂದು ಭಾವ ಆಗಷ್ಟೇ ಎದ್ದು ಹೋಗಿದ್ದ ಜಾಗಕ್ಕೆ ಬಂಡೆ ಬಿತ್ತು. ಅಕ್ಕ ಅಳುತ್ತಾ ಆ ಬಟ್ಟೆಯ ಗಂಟನ್ನು ಕಣ್ಣಿಗೊತ್ತಿಕೊಂಡಳು. ಹೇಳಬೇಕೆಂದಿದ್ದ ಮಾತನ್ನು ಮುಂದಕ್ಕೆ ಹಾಕಿದೆ. ಮರುದಿನವೇ ಹರಳು ಬೆಳ್ಳಿ ಉಂಗುರದಲ್ಲಿ ಕೂತಿತು.

ರಾಮನಗರದ ನನ್ನ ಮನೆಗೆ ಬಂದು ಜೇಬಿನಲ್ಲಿದ್ದ ಹರಳನ್ನು ಅರದಿಂದ ಗೀರಿ ನೋಡಿದೆ. ನಿಜವಾದ ನೀಲಕ್ಕೆ ಗೀರು ಬೀಳಬಾರದು. ಬಿತ್ತು. ತೋಳಿಗೆ ಕಟ್ಟಿದ ದಿನ ನನ್ನ ಬಳಿ ಎರಡು ಪೊಟ್ಟಣಗಳಿದ್ದವು. ಎಡಗೈಯಲ್ಲಿದ್ದದ್ದು ಗಾಜು ಎಂದು ಆಣೆ ಇಟ್ಟು ಹೇಳುತ್ತಿದ್ದೆ. ಈಗ ಯಾವ ಕೈ ಎಂಬುದೇ ನೆನಪಾಗುವುದಿಲ್ಲ. ಒಂದೋ ನಾನು ಅಸಲಿಯನ್ನೇ ಕಟ್ಟಿದ್ದೆ, ಇಲ್ಲವೇ ಜ್ಯೋತಿಷಿ ಕೊಟ್ಟದ್ದೂ ಗಾಜೇ. ಯಾವ ಹರಳೂ ಬಂಡೆಯನ್ನು ತಡೆಯುವುದಿಲ್ಲವೆಂದು ನನಗೆ ಗೊತ್ತು. ಆದರೂ ಆ ಗೀರು ಬಿದ್ದ ಹರಳನ್ನು ಎಸೆಯಲು ಇದುವರೆಗೂ ಕೈ ಬಂದಿಲ್ಲ.

ಹೋದ ತಿಂಗಳು ಅಕ್ಕ ಫೋನ್ ಮಾಡಿದಳು. ಬಂಡೆ ಎತ್ತುವಾಗ ಎಲ್ಲರೂ ದೂರ ಹೋದರೂ ಭಾವ ಮಾತ್ರ ಅಲ್ಲೇ ನಿಂತಿರುತ್ತಾರಂತೆ. ಹೆಲ್ಮೆಟ್ಟನ್ನೂ ಬಿಟ್ಟಿದ್ದಾರಂತೆ.

“ನನ್ ಮಾತು ಕೇಳಾಕಿಲ್ಲ. ಓದ್ದೋನು ನೀನು, ನೀನೇ ಒಸಿ ಯೋಳಪ್ಪ.”

ಕ್ವಾರಿಗೇ ಹೋಗಿ, ಗಾಜು ತಂದದ್ದರಿಂದ ಗೀರಿ ನೋಡಿದ್ದರವರೆಗೆ ಎಲ್ಲವನ್ನೂ ಹೇಳಿದೆ. ಭಾವ ಬೀಡಿ ಸೇದುತ್ತಾ ಕೇಳಿಸಿಕೊಂಡರು. ಬೈಯಲಿಲ್ಲ.

“ಏನ್ಲಾ, ನನ್ ಮೇಲೇ ಪ್ರಾಕ್ಟಿಕಲ್ ಮಾಡ್ಬುಟ್ಯಾ?”

“ಭಾವ, ಅದು ರವಿಕೆಗೆ ಅಂಟ್ಸೋ ಗಾಜೇ ಇರಬೋದು.”

“ಇರ್ಲಿ ಬುಡು. ಮೂರ್ ದಿನ ಕಟ್ಕಂಡು ನೋಡ್ದೋನು ನಾನು. ಗಾಜೇ ಆದ್ರೂ ನಂಗ್ ಒಗ್ಗೈತೆ ಕಣ್ಲಾ.”

ಬೀಡಿ ಹೊಸಕಿ ಕೆಳಗಿಳಿದು ಹೋದರು. ಕ್ರೇನು ಶುರುವಾಯಿತು. ಉಳಿದವರೆಲ್ಲ ಹಿಂದಕ್ಕೆ ಬಂದು ನನ್ನ ಪಕ್ಕ ನಿಂತರು. ಸರಪಳಿ ಬಿಗಿಯಾಗುತ್ತಾ ಬಂತು. ನಾನು ಎರಡು ಸಲ ಕೂಗಿದೆ. ಬಂಡೆಯ ಬಳಿಯೇ ನಿಂತಿದ್ದ ಭಾವ ತಲೆ ಎತ್ತಲಿಲ್ಲ.