ಅವ್ವನ ಕೈ, ನನ್ನ ಗಂಟಲು

ಗಡಹಿಂಗ್ಲಜದ ಕಾಲೇಜಿನಲ್ಲಿ ವರ್ಷ ವರ್ಷವೂ ಅದೇ ಗ್ರೀಕ್ ದುರಂತ ಕಥೆ ಹೇಳಿ ನನಗೇ ಸಾಕಾಗಿತ್ತು. ರಾಜನೊಬ್ಬ ಹೆಂಡತಿಯ ತಂಗಿಯನ್ನು ಕೆಡಿಸಿ, ಯಾರಿಗೂ ಹೇಳದಿರಲೆಂದು ಅವಳ ನಾಲಿಗೆ ಕತ್ತರಿಸುತ್ತಾನೆ. ಅವಳು ನಡೆದದ್ದನ್ನೆಲ್ಲ ಬಟ್ಟೆಯಲ್ಲಿ ನೇಯ್ದು ಅಕ್ಕನಿಗೆ ಕಳಿಸುತ್ತಾಳೆ. ಕೊನೆಗೆ ದೇವರುಗಳು ಅಕ್ಕತಂಗಿಯರಿಬ್ಬರನ್ನೂ ಹಕ್ಕಿ ಮಾಡುತ್ತಾರೆ. ನಾಲಿಗೆ ಕಳೆದುಕೊಂಡವಳಿಗೆ ರೆಕ್ಕೆ ಕೊಟ್ಟು ಕೈತೊಳೆದುಕೊಂಡರು ಎಂದು ನಾನು ಪ್ರತಿ ಸಲ ಗೊಣಗುತ್ತಿದ್ದೆ. ಈ ಸಲ ನಾಲಿಗೆ ಕತ್ತರಿಸುವಲ್ಲಿಗೆ ಬಂದಾಗ ನನ್ನ ದನಿಯೇ ಹೋಯಿತು. ಬಾಯಿ ಆಡುತ್ತಿತ್ತು, ಬರೀ ಗಾಳಿ ಬರುತ್ತಿತ್ತು. ಹಿಂದಿನ ಬೆಂಚಿನಿಂದ ಯಾವನೋ, "ಸರ್ ಹಕ್ಕಿ ಆಗ್ಯಾರಲೇ" ಎಂದ. ಸಿಟ್ಟು ಬರಲಿಲ್ಲ. ಅಷ್ಟು ದಣಿದಿದ್ದೆ.

ಕೊಲ್ಹಾಪುರದ ಡಾಕ್ಟರು ಗಂಟಲೊಳಗೆ ನಳಿಗೆ ಇಳಿಸಿ ನೋಡಿ, "ಸರ್, ಆತಾ ಬೋಲಾಯಚ ನಾಹೀ" ಎಂದರು. ಇನ್ನು ಮಾತೇ ಕೂಡದು. ದನಿ ತಿರುಗಿ ಬರುತ್ತದೆಯೇ ಎಂದು ಚೀಟಿಯಲ್ಲಿ ಬರೆದು ಕೇಳಿದರೆ, ನೋಡೋಣ ಎಂದರು. ಮಾತು ಬಲ್ಲವನಿಗೆ ಜಗಳವಿಲ್ಲವಂತೆ. ಮಾತೇ ಇಲ್ಲದ ಮಾಸ್ತರನಿಗೆ ಸಂಬಳವೂ ಇಲ್ಲ. ನನಗೆ ಹೆದರಿಕೆಯಾಗಿತ್ತು.

ಅದೇ ಸಂಜೆ ಇಚಲಕರಂಜಿಗೆ, ಅವ್ವನ ಮನೆಗೆ ಹೋದೆ. ಅಲ್ಲಿ ಮಾತ್ರ ನಾನು ರೋಗಿಯಲ್ಲ. ಪಾವರ್‌ಲೂಮಿನ ಸದ್ದಿನಲ್ಲಿ ದುಡಿದು ಅವಳ ಕಿವಿ ಎಂದೋ ಹೋಗಿದೆ. ತುಟಿ ನೋಡಿಯೇ ಮಾತು ತಿಳಿಯುತ್ತಾಳೆ. ಆ ಗದ್ದಲದಲ್ಲಿ ತನ್ನ ಮಗ್ಗ ನಡೆದಿದೆಯೋ ನಿಂತಿದೆಯೋ ಎಂಬುದನ್ನೂ ಕೈಯಿಟ್ಟೇ ತಿಳಿಯುತ್ತಿದ್ದವಳು. ದನಿ ಹೋದದ್ದನ್ನು ಅವ್ವನಿಗೆ ಹೇಳಬೇಡಿ, ಎದೆ ಒಡೆದುಕೊಳ್ಳುತ್ತಾಳೆ ಎಂದು ಹೆಂಡತಿ ಎಚ್ಚರಿಸಿದ್ದಳು.

"ಇವತ್ತ ಏನ ಕಲಿಸಿದ್ಯೋ?" ಎಂದಳು ಅವ್ವ, ಎಂದಿನಂತೆ ಓಣಿಗೆಲ್ಲ ಕೇಳುವ ಹಾಗೆ.

ಬರೀ ತುಟಿಯಲ್ಲಿ ಅದೇ ಕಥೆ ಹೇಳಿದೆ. ಬಟ್ಟೆಯಲ್ಲಿ ನೇಯ್ದು ಕಳಿಸಿದ್ದು ಅವಳಿಗೆ ಬಹಳ ಹಿಡಿಸಿತು.

"ಭಾಳ ಶಾಣ್ಯಾಕಿ ಬಿಡು. ಮುಂದ?"

ಹಕ್ಕಿಯಾದಳು ಎಂದೆ.

"ಆಮ್ಯಾಲರೆ ದನಿ ಬಂತೇನ ಆಕಿಗೆ?"

ಮುಖ ತಿರುಗಿಸಿಕೊಂಡೆ. ಅವ್ವ ಗದ್ದ ಹಿಡಿದು ತನ್ನ ಕಡೆ ತಿರುಗಿಸಿದಳು. ನನ್ನ ಗಂಟಲ ಮೇಲೆ ಅಂಗೈ ಇಟ್ಟು, "ಈಗ ಮಾತಾಡು" ಎಂದಳು. ಏನಿಲ್ಲವ್ವ, ಆರಾಮ ಅದೇನಿ ಎಂದು ತುಟಿ ಆಡಿಸಿದೆ. ಅವಳು ಕೈ ತೆಗೆಯಲಿಲ್ಲ.

ಜೀವನವೆಲ್ಲ ಕೂಗಿಯೇ ಮಾತಾಡಿದ ಅವ್ವ ಆಗ ಎಷ್ಟು ಮೆಲ್ಲಗೆ ಮಾತಾಡಿದಳೆಂದರೆ, ನಾನೇ ಅವಳ ತುಟಿ ನೋಡಿ ತಿಳಿಯಬೇಕಾಯಿತು: "ಮಗ್ಗ ನಿಂತೈತಲ್ಲೋ, ನನ್ನಪ್ಪಾ."