ಗಿಣಿಯ ಹಳದಿ ಕಣ್ಣು

ಆಗಿನ ಕಾಲದಲ್ಲಿ ನಮ್ಮ ನೀಲತ್ತಿ ಹೊಲಿದ ಕೂಸಿನ ಕುಂಚಿಗಿಗಾಗಿ ಹುಬ್ಬಳ್ಳಿಯ ಹೆಂಗಸರು ನಮ್ಮ ಬಾಗಿಲ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದರಂತೆ. ಹೀಗಂತ ನಮ್ಮ ಕಾಕಾ ಪ್ರತಿ ಮದುವೆಯ ಊಟವಾದ ಮೇಲೆ, ಎಲೆಗೆ ಸುಣ್ಣ ಹಚ್ಚುತ್ತ ಹೇಳುತ್ತಾರೆ. ಆಮೇಲೆ ಮುಂಬಯಿಯಿಂದ ಉಣ್ಣೆಯ ಟೊಪ್ಪಿಗೆಗಳು ಬಂದವು, ಆಕೆಯ ಕಸಬು ನಿಂತಿತು ಎನ್ನುವಲ್ಲಿಗೆ ಅವರ ಕಥೆ ಮುಗಿಯುತ್ತದೆ. ಕೇಳಿದವರು ಲೊಚಗುಟ್ಟುತ್ತಾರೆ.

ಹೇಳುವವರು ಅಲ್ಲಿ ಇದ್ದರೇ ಎಂದು ಕೇಳುವುದು ಕಾಲೇಜಿನ ಚರ್ಚಾಕೂಟದಲ್ಲಿ ನಾನು ಕಲಿತ ಮೊದಲ ಪಾಠ. ಕಾಕಾ ಆಗ ಪುಣೆಯಲ್ಲಿದ್ದರು. ಅಲ್ಲಿದ್ದವಳು ನಾನು, ಒಂಬತ್ತು ವರ್ಷದವಳು. ಮುಂದಿನ ಬಾಗಿಲಿಗೆ ಒಬ್ಬ ಗಿರಾಕಿಯೂ ಬರಲಿಲ್ಲ. ಟೊಪ್ಪಿಗೆಗಳು ಬಂದದ್ದು ಎಷ್ಟೋ ವರ್ಷಗಳ ಮೇಲೆ. ಇಷ್ಟನ್ನು ಕಾಕಾನ ಮುಂದೆ ಒಂದೆರಡು ಸಲ ಹೇಳಿ ನೋಡಿದೆ. ಈಗ ಸಾಕಾಗಿದೆ. ಬರೆದಿಡುತ್ತೇನೆ.

ನೀಲತ್ತಿ ಅಪ್ಪನ ತಂಗಿ. ಗದಗಿಗೆ ಕೊಟ್ಟಿದ್ದರು. ಎಂಟು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಮಾಡಿಕೊಂಡ. ಆ ಎರಡನೆಯವಳು ಬಸುರಾದಾಗ ಅತ್ತಿ ಒಂದು ಬೆತ್ತದ ಪೆಟ್ಟಿಗೆ ಹಿಡಿದುಕೊಂಡು ನಮ್ಮ ಮನೆಗೆ ಬಂದುಬಿಟ್ಟಳು. ಯುಗಾದಿ ಆಗಿ ಒಂದು ವಾರವಾಗಿತ್ತು. ದೀಪಾವಳಿಗೆ ಬಂದು ಕರೆದುಕೊಂಡು ಹೋಗುತ್ತೇವೆ, ಕೂಸು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕು ಎಂದು ಗದಗಿನಿಂದ ಹೇಳಿಕಳಿಸಿದರು.

ಅಪ್ಪ ಸಾಲಿ ಮಾಸ್ತರ. ನಾವು ನಾಲ್ಕು ಮಕ್ಕಳು.

"ಇರಬ್ಯಾಡ ಅನ್ನಾಕತ್ತಿಲ್ಲ ನೀಲಾ," ಅಂದ ಅಪ್ಪ, ಆಕೆಯ ಮುಖ ನೋಡದೆ. "ಆದರ ನನ್ನ ಪಗಾರದಾಗ ಏಳು ಮಂದಿ ಉಣ್ಣೂದು ಆಗೂದಿಲ್ಲವ್ವಾ."

"ನನ್ನ ಹೊಟ್ಟಿ ನಾ ನೋಡ್ಕೋತೇನಿ, ಅಣ್ಣಾ. ದೀಪಾವಳಿ ಮಟ ಬಿಡು."

ಆಕೆಗೆ ಬರುತ್ತಿದ್ದದ್ದು ಹೊಲಿಗೆ, ಅದರ ಮೇಲೆ ಕಸೂತಿ. ಸಿಂಪಿಗನ ಅಂಗಡಿಯಿಂದ ಉಳಿದ ಖಣದ ತುಂಡುಗಳನ್ನು ತಂದು ಎಳೆಗೂಸಿನ ಕುಂಚಿಗಿ ಹೊಲಿಯಲು ಕೂತಳು. ತಲೆಗೆ ಟೊಪ್ಪಿಗೆ, ಬೆನ್ನಿಗೆ ಸೆರಗಿನಂತೆ ಇಳಿಬಿದ್ದ ಅರಿವೆ. ನೆತ್ತಿಯ ಮಡಿಕೆಯೊಳಗೆ ಬಜೆಯ ಚೂರಿಟ್ಟು ಹೊಲಿಯುವಳು, ಕೂಸಿಗೆ ನೆಗಡಿ ಆಗಬಾರದೆಂದು. ಹಣೆಯ ಅಂಚಿನ ಮೇಲೆ ಎದುರುಬದುರು ಎರಡು ಗಿಣಿ. ಹೊಸ ಖಣದ ಗಂಜಿ, ಬಜೆ, ದಾರಕ್ಕೆ ಸವರಿದ ಮೇಣ, ಈ ಮೂರೂ ಸೇರಿದ ವಾಸನೆಯಲ್ಲಿ ನಾನು ಪಡಸಾಲೆಯ ಮೂಲೆಯಲ್ಲಿ ಗಜಗ ಆಡುತ್ತಿದ್ದೆ. ಅಳತೆಗೆ ಮನೆಯಲ್ಲಿ ಕೂಸಿರಲಿಲ್ಲ. ಅತ್ತಿ ಸಣ್ಣದೊಂದು ತೆಂಗಿನಕಾಯಿಗೆ ತೊಡಿಸಿ ನೋಡುವಳು.

"ನಿಮ್ಮ ಕೂಸು ಭಾಳ ಶ್ಯಾಣ್ಯಾ ಐತಿ ನೋಡ್ರಿ, ಅಳೂದ ಇಲ್ಲ," ಅಂದಳು ಅವ್ವ ಒಂದು ದಿನ ನಗುತ್ತ. ಅಂದಮೇಲೆ ಒಲೆಯ ಕಡೆ ತಿರುಗಿ ಬಹಳ ಹೊತ್ತು ಊದಿದಳು. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.

ಮೊದಲು ದುರ್ಗದಬೈಲಿನ ಒಂದು ಅರಿವೆ ಅಂಗಡಿಯಲ್ಲಿ ಆರು ಕುಂಚಿಗಿ ತೂಗುಹಾಕಿಸಿದರು. ಬೇಸಿಗೆಯಿಡೀ ತೂಗಿ ಬಣ್ಣ ಮಾಸಿ ಹಿಂದೆ ಬಂದವು. ಯಾಕೆಂದು ಹೇಳಿದವನು ಬಳೆಗಾರ ದಾವಲಸಾಬ, ಅವ್ವನ ಕೈ ಹಿಚುಕಿ ಬಳೆ ಏರಿಸುತ್ತ.

"ಅಂಗಡ್ಯಾಗ ಇದನ್ನ ಯಾರು ಕೊಳ್ತಾರವ್ವಾ? ತವರಮನಿಯವರು ಕೈಯಾರೆ ಹೊಲದು ಹಾಕೂದು ಇದು. ಕೊಂಡು ತಂದಾರ ಅಂತ ಗೊತ್ತಾದ್ರ ಬೀಗರ ಮುಂದ ಮಾನ ಹೋಗ್ತೈತಿ."

"ಎಲ್ಲಾರಿಗೂ ಹೊಲಿಯಾಕ ಬರ್ತೈತೇನ, ದಾವಲಕಾಕಾ?" ಕೇಳಿದಳು ಅತ್ತಿ.

"ಎಲ್ಲಿಂದ ಬರಬೇಕು? ಯಾರಿಗೆ ಬರೂದಿಲ್ಲ ಅಂತ ನನಗ ಗೊತ್ತೈತಿ. ಬಸರಿ ಹೆಂಗಸರ ಕುಬಸಕ್ಕ ಹಸರು ಬಳಿ ತೊಡಿಸಾಂವ ನಾ ಅಲ್ಲೇನು? ನಾ ಬಳಿ ತೊಡಿಸಿ ಬಂದ ಮನ್ಯಾಗ ಎರಡು ತಿಂಗಳಿಗೆ ಕೂಸು." ಆಮೇಲೆ ದನಿ ತಗ್ಗಿಸಿದ. "ಒಂದ ಮಾತು. ಯಾರು ಹೊಲದಾರ ಅಂತ ಅವರು ಕೇಳೂದಿಲ್ಲ. ನೀವೂ ಹೇಳೂದಲ್ಲ. ಅವರ ಮಾನದ ಮಾತು ಒಂದು. ಮತ್ತ ನಿಮ್ಮದೂ…" ಅಂದವನು ಅಲ್ಲಿಗೇ ನಿಲ್ಲಿಸಿ ಬಳೆಯ ಮಲಾರ ಕಟ್ಟತೊಡಗಿದ. ಆ ಅರ್ಧ ಮಾತು ನನಗೆ ತಿಳಿಯಲಿಲ್ಲ. ಅತ್ತಿಗೆ ತಿಳಿಯಿತು.

ಹೀಗೆ ಗಿರಾಕಿಗಳು ಸಿಕ್ಕರು. ಕೆಲವು ಕುಂಚಿಗಿ ದಾವಲಸಾಬನ ಮಲಾರದೊಳಗೆ ಹೋದವು. ಮತ್ತೆ ಕೆಲವರು ತಾವೇ ಬಂದರು, ಹಿತ್ತಲ ಬಾಗಿಲಿಗೆ, ಹೆಪ್ಪು ಕೇಳುವ ನೆಪದಲ್ಲಿ, ಸೆರಗಿನಡಿ ಒಂದು ಬಟ್ಟಲು ಹಿಡಿದು. ಆ ಮಳೆಗಾಲದಲ್ಲಿ ನಮ್ಮ ಮನೆಯಿಂದ ಹೋದಷ್ಟು ಹೆಪ್ಪು ಹುಬ್ಬಳ್ಳಿಯ ಇನ್ಯಾವ ಮನೆಯಿಂದಲೂ ಹೋಗಿರಲಿಕ್ಕಿಲ್ಲ. ನವರಾತ್ರಿಯ ಹೊತ್ತಿಗೆ ಅತ್ತಿ ತನ್ನ ದುಡಿಮೆಯಿಂದ ಮನೆಗೆ ಒಂದು ಚೀಲ ಜೋಳ ಹಾಕಿಸಿದಳು. ಅಪ್ಪ ಚೀಲವನ್ನು ಎರಡು ಸಲ ಸುತ್ತಿ ನೋಡಿ, "ದೀಪಾವಳಿಗೆ ಅವರು ಬಂದ್ರ ನಾ ಮಾತಾಡ್ತೇನಿ, ನೀ ಸುಮ್ನಿರು," ಅಂದ. ಆ ದಿನ ಅತ್ತಿ ಎರಡು ರೊಟ್ಟಿ ಹೆಚ್ಚಿಗೆ ಉಂಡಳು. ಅದಕ್ಕೆ ಮೊದಲು ಆಕೆ ಹೊಟ್ಟೆತುಂಬ ಉಂಡದ್ದನ್ನು ನಾನು ನೋಡಿರಲಿಲ್ಲ.

ಆಗಲೇ ಎರಡು ಓಣಿ ಆಚೆಯ ಶಾಂತವ್ವ ಕುಂಚಿಗಿಗೆ ಹೇಳಿಕಳಿಸಿದ್ದು. ಅರಳೆ ವ್ಯಾಪಾರಿಯ ಹೆಂಡತಿ, ಮಗಳದು ಚೊಚ್ಚಲ ಹೆರಿಗೆ. ಅತ್ತಿ ಹನ್ನೆರಡು ದಿನ ಹೊಲಿದಳು. ಮುಗಿದ ಮೇಲೆ ನೋಡಿದೆ. ಒಂದು ಗಿಣಿಗೆ ಕೆಂಪು ಕಣ್ಣು, ಇನ್ನೊಂದಕ್ಕೆ ಎಳ್ಳಿನಷ್ಟು ಹಳದಿ.

"ಇದ್ಯಾಕ ಹಿಂಗ?"

"ಕೆಂಪು ದಾರ ತೀರಿತು. ಹೋಗು, ಗಜಗ ಆಡು."

ತೊಟ್ಟಿಲು ಹಾಕುವ ದಿನ ಅವ್ವ ನನ್ನನ್ನು ಕರೆದುಕೊಂಡು ಹೋದಳು. ಅತ್ತಿ ಇಂಥ ಕಡೆ ಬರುತ್ತಿರಲಿಲ್ಲ. ಯಾಕೆಂದು ನಾನು ಕೇಳಿರಲೂ ಇಲ್ಲ. ಪಡಸಾಲೆಯ ತುಂಬ ಲೋಬಾನದ ಹೊಗೆ, ಬಿಸಿ ಗುಗ್ಗರಿಯ ವಾಸನೆ. ಧಾರವಾಡದ ಬೀಗರು ಜಮಖಾನೆಯ ಮೇಲೆ ಕೂತಿದ್ದರು. ಕುಂಚಿಗಿ ತೊಟ್ಟ ಕೂಸನ್ನು ಬೀಗತಿಯ ತೊಡೆಯ ಮೇಲೆ ಇಟ್ಟು ಶಾಂತವ್ವ ಅಂದಳು: "ನಾನ ಕುಂತು ಹೊಲದೇನ್ರಿ. ಕಣ್ಣು ಉರದು ಹೋದುವು ನೋಡ್ರಿ."

"ಸುಳ್ಳು," ಅಂದೆ ನಾನು, ಬಾಯಲ್ಲಿ ಗುಗ್ಗರಿ ಇರುವಾಗಲೇ. "ಅದನ್ನ ನಮ್ಮ ಅತ್ತಿ ಹೊಲದಾಳ."

ಅವ್ವ ನನ್ನ ತೋಳು ಚಿವುಟಿದಳು. ಶಾಂತವ್ವ ನಕ್ಕಳು. "ಮಾಸ್ತರ ಮಗಳು ನೋಡ್ರಿ, ನಾಲಗಿ ಉದ್ದ."

ನಗದೆ ಇದ್ದಿದ್ದರೆ ಬಹುಶಃ ಸುಮ್ಮನಾಗುತ್ತಿದ್ದೆ. "ನೀವ ಹೊಲದಿದ್ರ ಹೇಳ್ರಿ, ಆ ಬಲಗಡೆ ಗಿಣಿ ಕಣ್ಣು ಯಾಕ ಹಳದಿ ಐತಿ?"

ಎಲ್ಲರೂ ಬಾಗಿ ನೋಡಿದರು. ಶಾಂತವ್ವನೂ ಬಾಗಿ ನೋಡಿದಳು. ಆಕೆ ಅದನ್ನು ನೋಡಿದ್ದು ಅದೇ ಮೊದಲು ಎಂಬುದು ಎಲ್ಲರಿಗೂ ತಿಳಿದುಹೋಯಿತು.

"ನಮ್ಮ ಅತ್ತಿಗೆ ಕೆಂಪು ದಾರ ತೀರಿತ್ತು," ಅಂದೆ. ಇಷ್ಟು ಸ್ವಚ್ಛವಾಗಿ ನಾನು ಆಮೇಲೆ ಯಾವ ವಾದವನ್ನೂ ಗೆದ್ದಿಲ್ಲ.

ಓಣಿಯ ಹೆಂಗಸೊಬ್ಬಳು ಬಾಗಿ ಬೀಗತಿಯ ಕಿವಿಯಲ್ಲಿ ಏನೋ ಅಂದಳು. ಬೀಗತಿ ಮೆಲ್ಲಗೆ ಕೇಳಿದಳು: "ಯಾವ ಅತ್ತಿ? ಆ ಗದಗಿನಿಂದ ಬಂದಾಕಿ? ಮಕ್ಕಳಿಲ್ಲದಾಕಿ?"

ಆಕೆ ಕೂಸಿನ ಗದ್ದದ ಕೆಳಗಿನ ಲಾಡಿ ಬಿಚ್ಚಿ, ಕುಂಚಿಗಿಯನ್ನು ಎರಡು ಬೆರಳಿನಲ್ಲಿ ಹಿಡಿದು ಜಮಖಾನೆಯ ಆಚೆ ಇಟ್ಟಳು. ಕೂಸಿನ ತಲೆಯ ಮೇಲೆ ಖಣದ ಅಂಚಿನ ಗುರುತು ಇನ್ನೂ ಇತ್ತು. ದಾವಲಸಾಬ ನಿಲ್ಲಿಸಿದ ಅರ್ಧ ಮಾತು ನನಗೆ ಆಗ ತಿಳಿಯಿತು.

ಮರುವಾರದಿಂದ ಹೆಪ್ಪು ಕೇಳಲು ಯಾರೂ ಬರಲಿಲ್ಲ. ಮೂರು ನಾಲ್ಕು ಮಂದಿ ಮಾತ್ರ ಬಂದು, ತಮ್ಮ ಕೂಸು ತೊಟ್ಟಿದ್ದ ಕುಂಚಿಗಿಗಳನ್ನು ಹಿತ್ತಲ ಕಲ್ಲಿನ ಮೇಲೆ ಇಟ್ಟು ಹೋದರು. ಕೊಟ್ಟ ರೊಕ್ಕವನ್ನು ತಿರುಗಿ ಕೇಳಲೂ ಇಲ್ಲ. ದಾವಲಸಾಬ ನಮ್ಮ ಓಣಿಯಲ್ಲಿ ಕೂಗುತ್ತ ಬಂದವನು ನಮ್ಮ ಮನೆಯ ಹತ್ತಿರ ದನಿ ನಿಲ್ಲಿಸಿ ದಾಟುತ್ತಿದ್ದ. ಅತ್ತಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮಾತಿಗೆ ಮಾತು ಕೊಡುತ್ತಿದ್ದೆ, ಅಷ್ಟಕ್ಕೇ ಮುಗಿಯುತ್ತಿತ್ತು.

ದೀಪಾವಳಿಗೆ ಗದಗಿನಿಂದ ಅತ್ತಿಯ ಮೈದುನ ಬಂದ. ಅಪ್ಪ ಮಾತಾಡುತ್ತೇನೆ ಅಂದಿದ್ದ. ಮಾತಾಡಿದ, ಮಳೆ ಬೆಳೆಯ ಬಗ್ಗೆ. ಅತ್ತಿ ಬೆತ್ತದ ಪೆಟ್ಟಿಗೆಯನ್ನು ನಮ್ಮಲ್ಲೇ ಬಿಟ್ಟು ಬರಿಗೈಯಲ್ಲಿ ಹೊರಟಳು. ಹೊಸ್ತಿಲಲ್ಲಿ ನನ್ನ ತಲೆ ಮುಟ್ಟಿ, "ಛಲೋ ಮಾತಾಡ್ತಿ ನೀ. ಸಾಲಿ ಬಿಡಬ್ಯಾಡ," ಅಂದಳು.

ಬಿಡಲಿಲ್ಲ. ಮಾತಾಡಿ ಮಾತಾಡಿ ಎರಡು ಬೆಳ್ಳಿಯ ಬಟ್ಟಲು ಗೆದ್ದಿದ್ದೇನೆ. ಈಗ ಅದೇ ದುರ್ಗದಬೈಲಿನಲ್ಲಿ ಕೂಸಿನ ಟೊಪ್ಪಿಗೆಗಳು ಗೊಂಚಲು ಗೊಂಚಲಾಗಿ ತೂಗುತ್ತವೆ. ಬೀಗತಿಯರೇ ಬಂದು ಆರಿಸಿ ಕೊಳ್ಳುತ್ತಾರೆ. ಹೊಲಿದವಳಿಗೆ ಮಕ್ಕಳಿವೆಯೇ ಎಂದು ಯಾರೂ ಕೇಳುವುದಿಲ್ಲ. ಅತ್ತಿಗೆ ಆಗ ಬೇಕಾಗಿದ್ದದ್ದು ಇಷ್ಟೇ. ಆ ಟೊಪ್ಪಿಗೆಗಳಲ್ಲಿ ಬಜೆಯ ವಾಸನೆ ಇಲ್ಲ, ಗಿಣಿಯೂ ಇಲ್ಲ. ಇರಬೇಕೆಂದು ವಾದಿಸುವ ಹುರುಪು ನನ್ನಲ್ಲೂ ಉಳಿದಿಲ್ಲ.

ಹೋದ ತಿಂಗಳು ಮನೆ ಬದಲಿಸುವಾಗ ಬೆತ್ತದ ಪೆಟ್ಟಿಗೆ ತೆರೆದೆ. ಹಿಂದೆ ಬಂದ ಕುಂಚಿಗಿಗಳು ಅದರಲ್ಲಿದ್ದವು, ದುರ್ಗದಬೈಲಿನ ಬಿಸಿಲಿಗೆ ಮಾಸಿದವೂ ಇದ್ದವು. ಒಂದೊಂದಾಗಿ ಬಿಡಿಸಿ ನೋಡಿದೆ. ಪ್ರತಿಯೊಂದರಲ್ಲೂ ಬಲಗಡೆಯ ಗಿಣಿಗೆ ಹಳದಿ ಕಣ್ಣು. ತಳದಲ್ಲಿ ಕೆಂಪು ದಾರದ ಇಡೀ ಲಡಿ, ಕಟ್ಟು ಸಹ ಬಿಚ್ಚಿರಲಿಲ್ಲ.

ಲಡಿ ತೆಗೆದುಕೊಂಡು ಗದಗಿಗೆ ಹೋದೆ. ಅತ್ತಿ ಸವತಿಯ ಕಿರಿಮಗಳ ತಲೆ ಹಿಕ್ಕುತ್ತಿದ್ದಳು. ಕೂದಲು ನೆರೆತಿವೆ, ಕೈ ಮಾತ್ರ ಹಾಗೇ ಇದೆ. ಲಡಿಯನ್ನು ಆಕೆಯ ತೊಡೆಯ ಮೇಲೆ ಇಟ್ಟೆ. ಕೂದಲಲ್ಲಿ ಹಣಿಗೆ ನಿಂತಿತು.

"ದಾರ ತೀರಿದ್ದಿಲ್ಲ, ಅತ್ತಿ. ಮತ್ತ ಆ ಒಂದು ಕಣ್ಣನ್ನ ಯಾರು ಗುರುತು ಹಿಡೀಲಿ ಅಂತ ಹಳದಿ ಇಟ್ಟಿದ್ದಿ?"